ನೀವು ಹೇಳದೆ ಬಿಟ್ಟ ಸಾಲು

ಪ್ರೀತಿಯ ಮಾವ,

ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಬರೆಯಲಿಲ್ಲ, ಬರೆಯಲು ಕೂತರೆ ಪಾದ್ರಿಗಳಿಗೆ ಬೈಗುಳವೇ ಬರುತ್ತದೆಂದು ಗೊತ್ತಿತ್ತು. ನೀವೂ ನಲವತ್ತು ವರ್ಷ ಪಾದ್ರಿಯಾಗಿದ್ದವರು. ಸೊಸೆಯ ನಾಲಿಗೆ ಹೀಗೆ ಹರಿದಾಗೆಲ್ಲ "ಸಾಕು ಶೀಲಾ" ಎಂದು ಕನ್ನಡಕ ಒರೆಸುತ್ತ ಕೂರುತ್ತಿದ್ದಿರಿ. ಈಗ ಸಾಕು ಎನ್ನುವವರಿಲ್ಲ. ಕಳೆದ ಶುಕ್ರವಾರ ಚರ್ಚಿನಲ್ಲಿ ನಡೆದದ್ದನ್ನು ನಿಮಗೆ ಹೇಳದೆ ನನಗೆ ತುತ್ತು ಇಳಿಯುತ್ತಿಲ್ಲ.

ನಿವೃತ್ತರಾಗಿ ಅಲ್ ಮವಾಲೇಹ್‌ನ ನಮ್ಮ ಫ್ಲ್ಯಾಟಿಗೆ ನೀವು ಬಂದ ಮೊದಲ ವಾರ ನೆನಪಿದೆಯಾ? ಈ ಅರಬ್ ದೇಶದಲ್ಲಿ ಭಾನುವಾರ ಆಫೀಸು, ಶುಕ್ರವಾರ ದೇವರು ಎಂದಾಗ ನೀವು ತುಂಬ ನಕ್ಕಿದ್ದಿರಿ. ಒಂದೇ ಕಾಂಪೌಂಡಿನಲ್ಲಿ ಮಲಯಾಳಿಗಳು, ತಮಿಳರು, ಫಿಲಿಪೀನಿಗಳು, ಎಲ್ಲರಿಗೂ ಸಭಾಂಗಣ ಗಂಟೆಯ ಲೆಕ್ಕದಲ್ಲಿ. ನಮ್ಮ ಕನ್ನಡದ ಮೂವತ್ತು ಮನೆಗಳಿಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ನಮ್ಮದು ಆಂಗ್ಲಿಕನ್ ಪದ್ಧತಿ, ಹಾಗಾಗಿ ಇಂಗ್ಲಿಷ್ ಸಭೆಯ ಮುಖ್ಯ ಪಾದ್ರಿ, ಚಾಪ್ಲಿನ್ ಎನ್ನುತ್ತಾರಲ್ಲ, ಅವರು ಅನುಮತಿ ಕೊಟ್ಟವರು ಮಾತ್ರ ಆಲ್ಟರ್ ಮುಂದೆ ನಿಂತು ಆರಾಧನೆ ನಡೆಸಬಹುದು. ನಿಮಗೆ ಒಂದೇ ವಾರದಲ್ಲಿ ಅನುಮತಿ ಸಿಕ್ಕಿತು. ಸಂಬಳ ಕೇಳದ ಪಾದ್ರಿ ಯಾರಿಗೆ ಬೇಡ? ಪಾದ್ರಿಯ ಸಾಲುಗಳನ್ನು ನೀವು ಓದುವುದು, ಸಭೆಯ ಸಾಲುಗಳನ್ನು ಬದಿಯ ಮೇಜಿನಿಂದ ನಾನು ಓದಿಸುವುದು. ಬರ್ಕಾದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ವಾರವಿಡೀ ಬೇರೆಯವರ ರಕ್ತ, ಮೂತ್ರ ನೋಡಿಕೊಂಡಿರುವ ನನಗೆ ಆ ಎರಡು ಗಂಟೆ ಏನಾಗಿತ್ತೆಂದರೆ... ಹೋಗಲಿ ಬಿಡಿ.

ಮೊದಲ ವರ್ಷದ ಒಂದು ಗುರುವಾರ ಸಂಜೆ ನಾವಿಬ್ಬರೂ ಹರಿವೆ ಸೊಪ್ಪು ಬಿಡಿಸುತ್ತಿದ್ದೆವು. ಮಾರನೆಯ ದಿನ ತ್ರಿಯೇಕ ದೇವರ ಹಬ್ಬ. ವರ್ಷಕ್ಕೊಮ್ಮೆ ಆ ದಿನ ಮಾತ್ರ ಓದುವ ಉದ್ದನೆಯ ವಿಶ್ವಾಸಪ್ರಮಾಣವಿದೆಯಲ್ಲ, ತಂದೆ, ಮಗ, ಪವಿತ್ರಾತ್ಮ ಮೂವರಾಗಿಯೂ ದೇವರು ಒಬ್ಬನೇ ಹೇಗೆಂದು ಸುತ್ತಿ ಸುತ್ತಿ ಹೇಳುವುದು, ಅದನ್ನು ನಾನು ಅಭ್ಯಾಸ ಮಾಡುತ್ತಿದ್ದೆ. ಇದನ್ನು ಹೀಗೆಯೇ ನಂಬದವನಿಗೆ ನಿತ್ಯನಾಶ ಎಂಬ ಮಾತು ಅದರ ಆರಂಭದಲ್ಲೇ ಇದೆ, ಕೊನೆಗೆ ಇನ್ನೊಮ್ಮೆ ಬರುತ್ತದೆ. ನಾನು ಅದನ್ನು ಓದಿದಾಗ ನೀವು ಸೊಪ್ಪು ಕೆಳಗಿಟ್ಟು ನಿಮ್ಮ ಅಮ್ಮನ ವಿಷಯ ಹೇಳಿದಿರಿ. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದವರು, ಓದು ಬಾರದವರು, ಎಲ್ಲವನ್ನೂ ಕೇಳಿ ಕೇಳಿಯೇ ಬಾಯಿಪಾಠ ಮಾಡಿದವರು. ನೀವು ಸೆಮಿನರಿ ಮುಗಿಸಿ ಬಂದ ದಿನ, ಮೂವರಲ್ಲಿ ಯಾರಿಗೆ ಪ್ರಾರ್ಥಿಸುವುದೆಂದು ಈಗಲಾದರೂ ಹೇಳು ಮಗಾ ಎಂದು ಕೇಳಿದರಂತೆ. ಅಷ್ಟು ವರ್ಷ ಏನೂ ಅರ್ಥವಾಗದೆ ಅವರು ಎಲ್ಲರ ಜೊತೆ ನಿಂತು ಆ ಸಾಲನ್ನು ಗಟ್ಟಿಯಾಗಿ ಹೇಳುತ್ತಿದ್ದರು, ತಮ್ಮ ಬಾಯಿಯಿಂದ ತಮಗೇ ಶಾಪ.

"ನಾನು ನಂಬ್ತೇನೆ ಶೀಲಾ," ಅಂದಿರಿ. "ಮೂವರು ಒಬ್ಬನೇ ಅಂತ ಪೂರ್ತಿ ನಂಬ್ತೇನೆ. ಹೇಗೆ ಅಂತ ಕೇಳಿದ್ರೆ ಗೊತ್ತಿಲ್ಲ. ನನಗೇ ಗೊತ್ತಿಲ್ಲದ್ದು ನನ್ನ ಅಮ್ಮನಿಗೂ ಗೊತ್ತಿಲ್ಲ ಅಂತ ಅವರು ನಾಶ ಆಗ್ಲಿ ಅಂತ ನಾನು ಹೇಳುದಾ?"

ಸರದಿಯಲ್ಲಿ ಓದುವಾಗ ಆ ಸಾಲು ಸಭೆಯ ಪಾಲಿಗೆ ಬರುತ್ತಿತ್ತು. ಅದಕ್ಕೇ ನಿಮ್ಮ ಬಾಯಿ ಮುಚ್ಚಿರುತ್ತಿದ್ದುದು ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ನಿಮ್ಮ ಪಾಲಿನದ್ದೂ ನಾನೇ ಹೇಳುತ್ತೇನೆಂದು ನಿಮಗೆ ನನ್ನ ಬಗ್ಗೆ ಮರುಕವಿತ್ತು. ನನಗಾದರೋ ಅದು ಇನ್ನೊಂದು ಸಾಲು, ಅಷ್ಟೆ.

ನಾಲ್ಕು ವರ್ಷದ ಹಿಂದಿನ ಆ ಹಬ್ಬದ ದಿನ ಪುಸ್ತಕದ ಪೆಟ್ಟಿಗೆಯನ್ನು ಯಾರೋ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ ಹೋಗಿದ್ದರು. ಜನರ ಕೈಯಲ್ಲಿ ಓದಲು ಏನೂ ಇಲ್ಲ. ಹೊಸದಾಗಿ ಬಂದ ಚಾಪ್ಲಿನ್ ಅತಿಥಿಯಾಗಿ ಮುಂದೆ ಕೂತಿದ್ದರು. ಪಾದ್ರಿ ಒಬ್ಬರೇ ಪೂರ್ತಿ ಓದಲಿ, ಜನ ಕೇಳಲಿ ಎಂದು ಅವರೇ ಹೇಳಿದರು. ನೀವು ಓದುತ್ತ ಆ ಸಾಲಿಗೆ ಬಂದು ನಿಂತುಬಿಟ್ಟಿರಿ. ನನಗೆ ದಿಕ್ಕು ತೋಚದೆ ಮೇಜಿನಿಂದ ನಾನೇ ಅದನ್ನು ಓದಿದೆ. ಮೊದಲ ಸಲ ಕೆಮ್ಮು ಬಂದಿರಬಹುದೆಂದು ಜನ ಅಂದುಕೊಂಡಿರಬೇಕು. ಕೊನೆಯಲ್ಲೂ ನೀವು ನಿಂತಿರಿ, ಮತ್ತೆ ನಾನು ಓದಿದೆ. ಚಾಪ್ಲಿನ್‌ಗೆ ಕನ್ನಡ ಬಾರದು, ಆದರೆ ಇಂಗ್ಲಿಷ್ ಪ್ರತಿ ಅವರ ತೊಡೆಯ ಮೇಲಿತ್ತು. ಎರಡು ಸಲವೂ ಗಂಡಸಿನ ದನಿ ನಿಂತು ಹೆಂಗಸಿನ ದನಿ ಎಲ್ಲಿ ಎದ್ದಿತೆಂದು ತಿಳಿಯಲು ಕನ್ನಡ ಯಾಕೆ ಬೇಕು?

ಅದಕ್ಕೇ ಚಾಪ್ಲಿನ್ ಇಟ್ಟ ವಿಚಾರಣೆಯ ದಿನ ನನ್ನನ್ನು ಮೊದಲು ಕರೆದರು. ಅದನ್ನು ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಚಾಪ್ಲಿನ್ ಇದ್ದರು, ಪಕ್ಕದಲ್ಲಿ ಚರ್ಚಿನ ಸಮಿತಿಗೆ ಸಲಹೆ ಕೊಡುವ ಡಾಕ್ಟರ್ ಅಯ್ಯ, ನಮ್ಮ ಊರಿನವರೇ, ದೇವತಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಪಾದ್ರಿ, ನಮ್ಮವರ ಬಾಯಲ್ಲಿ ಅಯ್ಯ. ನಿಮ್ಮ ಮಾವ ಆ ಸಾಲನ್ನು ಮರೆತರೋ ಬಿಟ್ಟರೋ ಎಂದು ಕೇಳಿದರು. ಮರೆತರು ಎಂದಿದ್ದರೆ ಅಲ್ಲಿಗೆ ಖಲಾಸ್. ನಾನು ಹೇಳಿದ್ದು, ಅವರು ಅದನ್ನು ಯಾವತ್ತೂ ಹೇಳಿಲ್ಲ ಎಂದು. ಯಾಕೆ ಎಂದು ಕೇಳುತ್ತಾರೆ, ಆಗ ನಿಮ್ಮ ಅಮ್ಮನ ವಿಷಯ ಹೇಳೋಣ, ಕೇಳಿದರೆ ಕಲ್ಲೂ ಕರಗುತ್ತದೆ ಎಂದುಕೊಂಡಿದ್ದೆ. ಅವರು ಕೇಳಲೇ ಇಲ್ಲ. ನಾನು ಹೇಳಿದ ಒಂದು ವಾಕ್ಯವನ್ನು ಬರೆದುಕೊಂಡು ಪೆನ್ನು ಮುಚ್ಚಿ ಥ್ಯಾಂಕ್ಯೂ ಸಿಸ್ಟರ್ ಅಂದರು. ನಾನು ಎದ್ದು ಬಂದೆ. ಯಾಕೆ ಎದ್ದು ಬಂದೆ, ಮಾವ? ಬಾಗಿಲಿಗೆ ಅಡ್ಡ ನಿಂತಾದರೂ ಹೇಳಬಹುದಿತ್ತಲ್ಲ?

ಆಮೇಲೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಅವರಿಬ್ಬರೂ ಎರಡು ಗಂಟೆ ಜಗಳವಾಡಿದರಂತೆ. ಮನೆಗೆ ಬಂದು ನೀವೇ ನಗುತ್ತ ಹೇಳಿದಿರಿ. ದೇವರು ತಾನಾಗಿ ಪ್ರಕಟಪಡಿಸಿದ್ದನ್ನು ಬುದ್ಧಿ ಬಾಯಿ ಮುಚ್ಚಿಕೊಂಡು ಒಪ್ಪಬೇಕು ಎಂದು ಚಾಪ್ಲಿನ್. ಪ್ರಕಟಣೆ ದೇವರದ್ದೇ ಎಂದು ಗುರುತಿಸಲಿಕ್ಕೂ ಬುದ್ಧಿ ಬೇಕಲ್ಲ ಎಂದು ಡಾಕ್ಟರ್ ಅಯ್ಯ. ತ್ರಿಯೇಕತ್ವ ಬುದ್ಧಿಗೆ ಮೀರಿದ್ದೋ ಬುದ್ಧಿಗೆ ವಿರುದ್ಧವೋ ಎಂದು ಸಮೋಸ ತಿನ್ನುತ್ತ ವಾದ. ಇಂಗ್ಲೆಂಡಿನ ಪಾದ್ರಿಗಳು ಮುನ್ನೂರು ವರ್ಷದ ಹಿಂದೆ ಇದೇ ಜಗಳವಾಡಿ ಕಾಗದ ತುಂಬಿಸಿದ್ದಾರೆ ಎಂದು ನೀವು ಅಂದು ಹೇಳಿದ್ದು. ನಂಬಿಕೆ ಇಲ್ಲದ ಹಲವರು ತಮ್ಮದೇ ಅರ್ಥ ಮನಸ್ಸಿನಲ್ಲಿಟ್ಟುಕೊಂಡು ಸಹಿ ಹಾಕಿ ಚರ್ಚೂ ಮನೆಯೂ ಉಳಿಸಿಕೊಂಡರಂತೆ, ಸಹಿ ಹಾಕಲಾಗದ ಕೆಲವರು ಎರಡನ್ನೂ ಬಿಟ್ಟು ಹೊರಟರಂತೆ. ಆ ಎರಡು ಗಂಟೆಯಲ್ಲಿ ಯಾರೂ ನಿಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಲ್ಯಾಬಿನಲ್ಲಿ ಮೂತ್ರದ ಸೀಸೆಗೂ ಇದಕ್ಕಿಂತ ಹೆಚ್ಚು ಗಮನ ಸಿಗುತ್ತದೆ. ಕೊನೆಗೆ ಒಂದು ಕಾಗದ ಮುಂದಿಟ್ಟರು: ವಿಶ್ವಾಸಪ್ರಮಾಣದ ಪ್ರತಿ ಮಾತನ್ನೂ ಒಪ್ಪಿ, ಒಂದನ್ನೂ ಬಿಡದೆ ಓದುತ್ತೇನೆ. ಯೋಚಿಸಿ ಸಹಿ ಹಾಕಿ ಎಂದರು.

ಮರುದಿನ ಡಾಕ್ಟರ್ ಅಯ್ಯ ಮನೆಗೆ ಬಂದರು. ನಾನು ಕೋರಿ ರೊಟ್ಟಿ ಮಾಡಿದ್ದೆ. ಬೆರಳು ನೆಕ್ಕುತ್ತ, ನಿಮ್ಮ ಒಳ್ಳೆಯದಕ್ಕೇ ಬಂದವರಂತೆ ದನಿ ತಗ್ಗಿಸಿ ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ಸಹಿ ಹಾಕಿಬಿಡಿ ಅಯ್ಯನವ್ರೇ. ಮೂವರು ಒಬ್ಬ ಅಂತ ನಾನು ನಂಬುದು ಬಿಟ್ಟು ಇಪ್ಪತ್ತು ವರ್ಷ ಆಯ್ತು. ನಾನು ಹಾಕ್ಲಿಲ್ವಾ? ಆ ಪೇಪರ್ ನಂಬ್ಲಿಕ್ಕೆ ಅಲ್ಲ ಮಾರಾಯ್ರೆ, ಫೈಲಿಗೆ."

ನೀವು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕು ಎಂದು ನನಗೆ ಸನ್ನೆ ಮಾಡಿದಿರಿ. ನಾನೂ ಹಾಕಿದೆ, ಆ ಕೈಯನ್ನು ಇವತ್ತು ನೋಡಿದರೆ ನನಗೇ ಹೇಸಿಗೆ. ಉಂಡ ಮನೆಯ ಜಂತಿ ಎಣಿಸುವುದು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ನೀವು ಸಹಿ ಹಾಕಲಿಲ್ಲ. ಎರಡು ವಾರದಲ್ಲಿ ಪತ್ರ ಬಂತು, ನೀವು ಸಭೆಯ ನಂಬಿಕೆಗೆ ಅಪಾಯ, ಅನುಮತಿ ರದ್ದು. ಕೆಳಗೆ ಎರಡು ಸಹಿ. ಎಲ್ಲವನ್ನೂ ಕಣ್ಣು ಮುಚ್ಚಿ ನಂಬುವವನದ್ದು ಒಂದು, ಯಾವುದನ್ನೂ ನಂಬದವನದ್ದು ಇನ್ನೊಂದು. ನಿಜವಾಗಿ ನಂಬುತ್ತಿದ್ದವರು ಹೊರಗೆ. ಮರುವಾರದಿಂದ ನಿಮ್ಮ ಜಾಗದಲ್ಲಿ ನಿಂತವರು ಯಾರು? ಡಾಕ್ಟರ್ ಅಯ್ಯನೇ.

ಆಮೇಲೆ ಸುಮಾರು ಮೂರು ವರ್ಷ ನೀವು ಮೂರನೆಯ ಬೆಂಚಿನಲ್ಲಿ ಕೂತಿರಿ. ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ನಮ್ಮ ಮಗಳು ರಿಯಾ ಒಂದು ದಿನ ಕಾರಿನಲ್ಲಿ "ಇಸ್ ಅಜ್ಜ ಸ್ಟಿಲ್ ಗ್ರೌಂಡೆಡ್?" ಎಂದು, ಅಜ್ಜನ ಶಿಕ್ಷೆ ಇನ್ನೂ ಮುಗಿದಿಲ್ಲವಾ ಎಂದು ಕೇಳಿದಾಗ ನಿಮ್ಮ ಮಗ ಸುಹಾಸ ರೇಡಿಯೊ ಜೋರು ಮಾಡಿದ. ಅವನದ್ದು ಗೊತ್ತಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಓದುವ ಮೇಜು ಬಿಡುತ್ತೇನೆಂದರೆ ನೀವೇ ಬೇಡವೆಂದಿರಿ. ನನ್ನ ದನಿ ಕೇಳಲಿಕ್ಕಾದರೂ ಬರುತ್ತೇನಲ್ಲ ಎಂದಿರಿ. ನಾನು ಉಳಿದೆ. ಪ್ರತಿ ಹಬ್ಬಕ್ಕೂ ಆ ಸಾಲನ್ನು ನಿಮ್ಮ ಮುಖ ನೋಡದೆ ಓದಿಸಿದೆ.

ನಿಮ್ಮನ್ನು ಶವಪೆಟ್ಟಿಗೆಯಲ್ಲಿ ಮಂಗಳೂರಿಗೆ ಕಳುಹಿಸಿದ ಮರುವಾರ ಇಲ್ಲಿ ಸ್ಮರಣೆಯ ಆರಾಧನೆ ಇಟ್ಟರು. ಚಾಪ್ಲಿನ್ ನಿಮ್ಮನ್ನು ನಂಬಿಗಸ್ತ ಸೇವಕ ಎಂದರು. ಡಾಕ್ಟರ್ ಅಯ್ಯ ಕರವಸ್ತ್ರ ತೆಗೆದು, ಬುದ್ಧಿಯನ್ನೂ ಪ್ರಕಟಣೆಯನ್ನೂ ಸಮನಾಗಿ ತೂಗಿಸಿಕೊಂಡು ಬಾಳಿದವರು ಎಂದು ಹೊಗಳಿದರು. ಸತ್ತ ಎಮ್ಮೆಗೆ ಹತ್ತು ಕೊಡ ಹಾಲು. ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ, ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಈಗ ಕಳೆದ ಶುಕ್ರವಾರಕ್ಕೆ ಬರುತ್ತೇನೆ. ಮತ್ತೆ ತ್ರಿಯೇಕ ಹಬ್ಬ, ಚಾಪ್ಲಿನ್ ಅತಿಥಿ, ಡಾಕ್ಟರ್ ಅಯ್ಯನ ಆರಾಧನೆ. ಸಮಿತಿಯವರೊಬ್ಬರ ಮೊಮ್ಮಗುವಿನ ದೀಕ್ಷಾಸ್ನಾನವೂ ಇತ್ತು, ಮೂರು ಅಂತಸ್ತಿನ ಕೇಕು ಹಿಂದಿನ ಮೇಜಿನಲ್ಲಿ ಬೆವರುತ್ತಿತ್ತು. ಫೋಟೋ ತೆಗೆದು ತೆಗೆದು ಹತ್ತೂವರೆ ದಾಟಿತು. ಹನ್ನೊಂದರ ಮಲಯಾಳಿಗಳು ಆಗಲೇ ಬಾಗಿಲಿನಲ್ಲಿ. ಆಗ ಡಾಕ್ಟರ್ ಅಯ್ಯ ಮೈಕಿನಲ್ಲಿ, ಸಮಯದ ಅಭಾವದಿಂದ ಈ ವರ್ಷ ಉದ್ದನೆಯ ವಿಶ್ವಾಸಪ್ರಮಾಣ ಬೇಡ, ವಾರವಾರ ಹೇಳುವ ಚಿಕ್ಕದನ್ನೇ ಹೇಳೋಣ ಎಂದರು. ಚಾಪ್ಲಿನ್ ತಲೆಯಾಡಿಸಿದರು. ಒಂದು ಸಾಲು ಬಿಟ್ಟದ್ದಕ್ಕೆ ನೀವು ಸಭೆಗೆ ಅಪಾಯ. ಅಷ್ಟೂ ಸಾಲು ಬಿಟ್ಟರೆ ಅದು ಸಮಯದ ಅಭಾವ. ಕೇಕು ಕರಗುತ್ತದಲ್ಲ, ಪಾಪ.

ನಾನು ಯೋಚಿಸಿ ಮಾಡಿದ್ದಲ್ಲ ಮಾವ. ನನ್ನ ಕೈಯಲ್ಲಿ ಪುಸ್ತಕವಿತ್ತು, ಮುಂದೆ ಮೈಕಿತ್ತು. ಉದ್ದನೆಯದ್ದನ್ನೇ ಓದಲು ಶುರುಮಾಡಿದೆ. ಮೊದಲ ಮಾತು ಮುಗಿಸಿ ಆ ಸಾಲಿಗೆ ಬಂದವಳು ನಿಂತೆ. ಇದನ್ನು ಪಾದ್ರಿಗಳೇ ಓದಲಿ ಎಂದು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೇಳಿದೆ. ಡಾಕ್ಟರ್ ಅಯ್ಯ ಚಾಪ್ಲಿನ್ ಮುಖ ನೋಡಿದರು. ಚಾಪ್ಲಿನ್ ಕೈಗಡಿಯಾರ ನೋಡಿದರು.

"ಸ್ಕಿಪ್ ದ್ಯಾಟ್ ಲೈನ್, ಸಿಸ್ಟರ್," ಅಂದರು. "ಪೀಪಲ್ ಆರ್ ವೇಟಿಂಗ್."

ಕೇಳಿಸಿತಾ ಮಾವ? ಆ ಸಾಲು ಬಿಡು ಅಂದರು. ಅವರ ಬಾಯಿಂದಲೇ, ಮೈಕಿನ ಮುಂದೆಯೇ. ಇದನ್ನು ಬಿಟ್ಟದ್ದಕ್ಕಲ್ಲವಾ ನಮ್ಮ ಮಾವನನ್ನು ಬೆಂಚಿನಲ್ಲಿ ಕೂರಿಸಿದ್ದು ಎಂದು ಕೇಳಿದೆ. ಗದ್ದಲದಲ್ಲಿ ಅರ್ಧ ಜನಕ್ಕೆ ಕೇಳಿಸಿರಲಿಕ್ಕಿಲ್ಲ. ಯಾರೋ ಮೈಕು ಆರಿಸಿದರು. ಚಿಕ್ಕ ವಿಶ್ವಾಸಪ್ರಮಾಣ ಹೇಳಿ ಮುಗಿಸಿದರು, ಕೇಕು ಕತ್ತರಿಸಿದರು. ಹಳೆಯದನ್ನು ಕೆದಕಬಾರದಿತ್ತು ಎಂದು ಇಬ್ಬರು ಹೆಂಗಸರು ಬಂದು ಬುದ್ಧಿ ಹೇಳಿದರು. ನಿಮ್ಮ ಮಗ ಕಾರಿನಲ್ಲೇ ಕೂತಿದ್ದ.

ಸೋಮವಾರ ನನ್ನ ಹೆಸರಿಗೂ ಅದೇ ಕಾಗದ ಬಂತು. ಇನ್ನು ಮುಂದೆ ಸಭೆಯಲ್ಲಿ ಓದುವವರೂ ಸಹಿ ಹಾಕಬೇಕಂತೆ, ಒಂದು ಮಾತನ್ನೂ ಬಿಡುವುದಿಲ್ಲ ಎಂದು. ನಗಬೇಕೋ ಉಗಿಯಬೇಕೋ? ಸುಹಾಸ ಇಲ್ಲಿಯ ಅರಬರಂತೆ ಯಲ್ಲಾ ಎಂದು ಅವಸರಿಸಿ, ಹಾಕಿಬಿಡು, ಮುಗಿಸು ಅನ್ನುತ್ತಾನೆ. ನಾನು ಹಾಕುವುದಿಲ್ಲ. ನಿಮ್ಮಷ್ಟು ನಂಬಿಕೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಆದರೆ ಡಾಕ್ಟರ್ ಅಯ್ಯನ ಹೆಸರಿರುವ ಪಟ್ಟಿಯಲ್ಲಿ ನನ್ನ ಹೆಸರು ಬೇಡ. ಗುರುವಾರ ನಾಲ್ಕು ಗಂಟೆಗೆ ಅದೇ ಕೋಣೆಗೆ ಬಾ ಎಂದಿದ್ದಾರೆ, ಕ್ಲಿನಿಕ್ಕಿಗೆ ಅರ್ಧ ದಿನದ ರಜೆ ಹೇಳಿಯಾಗಿದೆ. ಹೋದ ಸಲ ಅವರು ಯಾಕೆ ಎಂದು ಕೇಳಲಿಲ್ಲ, ನಾನು ಎದ್ದು ಬಂದೆ. ಈ ಸಲ ಕೇಳದಿದ್ದರೂ ನಿಮ್ಮ ಅಮ್ಮನ ವಿಷಯ ಹೇಳಿಯೇ ಏಳುತ್ತೇನೆ.

ನಿಮ್ಮ ಸೊಸೆ,
ಶೀಲಾ