ನಿಂಬೆಯ ಹುಳು, ನಿಮ್ಮ ಕರಿಬೇವು

ಕಲ್ಯಾಣಿ, ೧೯೪೯

ಸುಗ್ರಾ,

ನೀನೆಲ್ಲಿರುವೆಯೋ ಗೊತ್ತಿಲ್ಲ, ಆದರೂ ಕೇಳು. ನಮ್ಮ ನಿಂಬೆ ಗಿಡದ ಹಸಿರು ಹುಳುಗಳನ್ನು ಹೊಸಕಲು ಹೋದರೆ ಅತ್ತೆ ತಡೆದರು: “ಜೀವ ತೆಗಿಬ್ಯಾಡವ್ವಾ, ಎಕ್ಕಿ ಗಿಡಕ್ಕ ಬಿಟ್ಟು ಬಾ.” ಎಕ್ಕೆಯಲ್ಲಿ ಅದರದೇ ಪಟ್ಟೆಹುಳುಗಳು ಗಬಗಬ ಮೇಯುತ್ತಿದ್ದವು, ನಮ್ಮವು ಮಾತ್ರ ಉಪವಾಸ ಕೂತವು. ಔಡಲದೆಲೆ ಇಟ್ಟೆ, ಮುಟ್ಟಲಿಲ್ಲ. ಹೋದ ವರ್ಷ ನಿಜಾಮನ ರಾಜ್ಯ ಬಿದ್ದಾಗಿನ ಗಲಾಟೆಯಲ್ಲಿ ನೀವು ಬೀಗ ಹಾಕಿ ಹೋದ ಮನೆಯ ಕರಿಬೇವಿಗೆ ಬಿಟ್ಟೆ. ಕರಕರ ತಿಂದವು! ನಿಂಬೆಗೂ ಕರಿಬೇವಿಗೂ ಏನು ನಂಟು?

ಒಂದು ಹುಳು ನಿಮ್ಮ ಬಾಗಿಲ ಮೇಲೆ, ಬೀಗದ ಪಕ್ಕದಲ್ಲೇ ಗೂಡು ಕಟ್ಟಿದೆ. ಇವತ್ತು ಮನೆ ನೋಡಲು ಹೊಸಬರು ಬಂದಿದ್ದರು. ಗೂಡು ತೋರಿಸಿ, “ಚಿಟ್ಟಿ ಹೊರಗ ಬರೂದದರಿ,” ಎಂದೆ.

“ಯಾವಾಗ ಬರ್ತದವ್ವಾ?”

ನಾನು ಬಾಗಿಲಿಗೆ ಅಡ್ಡ ನಿಂತೆ.

“ಬರೋತನಕ ಬೀಗ ಇರ್ಲಿರಿ,” ಎಂದೆ.

ಧೂಳಮ್ಮ