ಆಸ್ಪತ್ರೆಯ ಗೇಟಿನೆದುರು

ಅಪ್ಪಾ,

ಈ ಕಥೆಯನ್ನು ಮೊದಲು ಹೇಳಿದವನು ನೀನೇ. ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ದಿನ ಊಟಕ್ಕೆ ಕೂತು ಹೇಳಿದ್ದೆ. ನಾನು ಅರ್ಧ ಕೇಳಿ ಎದ್ದು ಹೋಗಿದ್ದೆ. ಉಳಿದರ್ಧವನ್ನು ನೀನು ತೀರಿಕೊಂಡ ಮೇಲೆ ಅಮ್ಮ ಹೇಳಿದಳು. ನಿನ್ನೆ ಅದನ್ನು ನಾನು ನಮ್ಮ ಆಫೀಸಿನಲ್ಲಿ ಹೇಳಿದೆ.

ಹೊಸ ಮೆಟ್ರೋ ಮಾರ್ಗದ ನಕ್ಷೆ ಮೇಜಿನ ಮೇಲಿತ್ತು. ನಿಲ್ದಾಣದ ಸುತ್ತ ಕೈವಾರದಿಂದ, ನಡೆದೇ ಹೋಗಬಹುದಾದ ಐನೂರು ಮೀಟರಿನ ವೃತ್ತ ಎಳೆದು, ದೊಡ್ಡಾಸ್ಪತ್ರೆ ಅದರೊಳಗೆ ಬಂತೆಂದು ಎಲ್ಲರೂ ಹಿಗ್ಗಿದ್ದರು. ನಡುವೆ ಕಾಲುವೆಯಿದೆ, ಬಳಸಿ ಹೋಗಿ ಸೇತುವೆ ದಾಟಬೇಕು. ಕೈವಾರಕ್ಕೆ ಅದೇನು ಗೊತ್ತು?

ಆಗ ಶುರುಮಾಡಿದೆ. ಒಬ್ಬ ಕಂಡಕ್ಟರ್ ಇದ್ದ, ಸ್ಟಾಪೇ ಇಲ್ಲದ ಆಸ್ಪತ್ರೆ ಗೇಟಿನೆದುರು ದಿನವೂ ಸೀಟಿ ಊದಿ ಬಸ್ ನಿಲ್ಲಿಸುತ್ತಿದ್ದ. ಮೇಲಧಿಕಾರಿ ಗದರಿದಾಗ, "ಸ್ವಾಮಿ, ಜ್ವರ ಬಂದಾಗ ಒಂದ್ಸಲ ಸ್ಟಾಪಿಂದ ಇಲ್ಲಿಗೆ ನಡ್ಕೊಂಡ್ ಬನ್ನಿ, ಆಮೇಲೆ ಬೈಯಿರಿ" ಅಂದನಂತೆ.

ಮುಖ್ಯ ಎಂಜಿನಿಯರ್ ಹೊಟ್ಟೆ ಹಿಡಿದು ನಕ್ಕರು. "ಭಾರಿ ಆಸಾಮಿ ಕಣ್ರೀ. ಯಾರವನು?"

"ನಮ್ಮಪ್ಪ ಸಾರ್."

"ಆರು ವರ್ಷದಿಂದ ಜೊತೇಲಿದೀರಿ, ಒಂದಿನಾನೂ ಹೇಳ್ಲಿಲ್ವಲ್ರೀ?"

ನಾನು ನಕ್ಷೆಯಲ್ಲಿ ಕಾಲುವೆಯ ಮೇಲೆ ಬೆರಳಿಟ್ಟು, "ನಾಳೆ ಒಂದ್ಸಲ ನಡೆದೇ ನೋಡೋಣ ಸಾರ್" ಎಂದೆ.

ಇವತ್ತು ಬೆಳಿಗ್ಗೆ ಆಫೀಸಿನ ನಾವು ಐವರೂ ನಿಲ್ದಾಣದ ಜಾಗದಿಂದ ಆಸ್ಪತ್ರೆಗೆ ನಡೆದೆವು. ಮಂಡಿನೋವಿನ ಮುಖ್ಯ ಎಂಜಿನಿಯರ್ ಸೇತುವೆಯ ಕಟ್ಟೆಯ ಮೇಲೆ ಎರಡು ಸಲ ಕೂತರು. ಗೇಟು ತಲುಪಿದ್ದೇ, "ಸಾಕಪ್ಪಾ, ನಿಮ್ಮಪ್ಪನೇ ಸರಿ" ಎಂದು ನಕ್ಷೆಯನ್ನು ಗೋಡೆಗೆ ಒತ್ತಿ, ನಿಲ್ದಾಣವನ್ನು ಕಾಲುವೆಯ ಈಚೆಗೆ ಬರೆದರು. ಗಾಳಿಗೆ ಹಾರದಂತೆ ನಕ್ಷೆಯ ಮೂಲೆಯನ್ನು ನಾನು ಹಿಡಿದುಕೊಂಡಿದ್ದೆ.