ಏಳೂ ಹತ್ತಕ್ಕೆ ಬಂದ ಚೀಟಿ

ಕೊಣ್ಣೂರ
೧೧ ಮಾರ್ಚ್ ೨೦೦೩

ನನ್ನ ದೀಪಾ,

ಮೂಡಲಗಿಯಿಂದ ನೀನು ಬರೆದ ಪತ್ರ ಕಳೆದ ವಾರ ಸಿಕ್ಕಿತು. ಯುಗಾದಿಗೆ ನಿಮ್ಮ ಓಣಿಯಲ್ಲಿ ನಮ್ಮ ಆರ್ಕೆಸ್ಟ್ರಾ ಮತ್ತೆ ಕೂಡುವುದಾದರೆ ಹಾಡುತ್ತೇನೆ ಎಂದಿದ್ದೀಯ. ಒಂದೂವರೆ ವರ್ಷದ ಮೇಲೆ! ಗೊಮ್ಮಟೇಶ ಆ ಸಾಲು ಓದಿ ಅಂದೇ ಕೀಬೋರ್ಡಿನ ಧೂಳು ಒರೆಸಿದ. ಕೊನೆಯ ಸಾಲನ್ನು ಮಾತ್ರ ಅವನಿಗೆ ತೋರಿಸಲಿಲ್ಲ. "ಯಲ್ಲಾರಿ ಮಾವ ಟೆಂಪೋ ತಂದ್ರ ನಾ ಸ್ಟೇಜ್ ಹತ್ತಾಂಗಿಲ್ಲ. ಅಂವ ಚೀಟಿ ತಡಾ ಮಾಡಿ ಕೊಟ್ಟಿದ್ದಕ್ಕs ನಮ್ಮವ್ವನ ಮಾರಿ ಜೀವಂತ ನೋಡಾಕ ಆಗಲಿಲ್ಲ" ಎಂದು ಬರೆದಿದ್ದೀಯ.

ಅವರು ತಡ ಮಾಡಲಿಲ್ಲ, ದೀಪಾ. ತಡ ಮಾಡಿದವಳು ನಾನು.

ಹುಕ್ಕೇರಿಯ ಆ ಗಣಪತಿ ಪೆಂಡಾಲು ನೆನಪಿಸಿಕೋ. ಮಂದಿ ಕಳಿಸುವ ಚೀಟಿಗಳೆಲ್ಲ ಮೊದಲು ನನ್ನ ಕೈಗೇ ಬರಬೇಕೆಂದು ನಾವೇ ನೇಮ ಮಾಡಿಕೊಂಡಿದ್ದೆವು. ಯಾರು ಯಾವ ಹಾಡು ಕೇಳಿದ್ದಾರೆ, ಯಾರ ಹೆಸರು ಮೈಕಿನಲ್ಲಿ ಹೇಳಬೇಕು ಎಂದು ಪರದೆಯ ಹಿಂದೆ ಕೂತು ಆರಿಸಿ ಕೊಡುವುದು ನನ್ನ ಕೆಲಸ. ಜನರೆದುರು ನಿಲ್ಲಲಾರದ ನನಗೆ ಅದೇ ಹಿತವಾದ ಜಾಗ. ಯಲ್ಲಾರಿ ಮಾವ ಕಾಡಿಸುತ್ತಿದ್ದರು: "ಏನವಾ ಪೋಸ್ಟ್ ಮಾಸ್ತರ, ಇವತ್ತರ ಮಂದಿಗೆ ಮಾರಿ ತೋರಸ್ತಿಯೋ ಇಲ್ಲೋ?"

ಎರಡು ವರ್ಷ ಸಿನಿಮಾ ಹಾಡನ್ನೇ ಹಾಡಿದ್ದೆವು. ಅಂದು ಏಳೂಕಾಲಿಗೆ ಮೊದಲ ಸಲ ನಮ್ಮದೇ ಹಾಡು. ಡೊಳ್ಳಿನ ಪೆಟ್ಟನ್ನು ಗೊಮ್ಮಟೇಶ ಕೀಬೋರ್ಡಿನಲ್ಲಿ ತಾಳವಾಗಿ ಕೂಡಿಸಿದ್ದ, ಸಾಹಿತ್ಯ ನನ್ನದು. ಗಣಪತಿ ಮಂಡಳದ ಶಿದ್ಲಿಂಗಪ್ಪ ಕಾಕಾ ಮೊದಲೇ ಎಚ್ಚರಿಸಿದ್ದರು: "ಒಂದs ಒಂದ ನೋಡ್ರಿ. ಮಂದಿ ಎದ್ದು ಹೋದ್ರ ನಿಮ್ಮ ಪೆಟಿಗಿ ಕಟ್ಟಿಕೊಂಡು ನೀವೂ ನಡೀರಿ."

ತಾಳ ಶುರುವಾಗುವ ಮೊದಲೇ ಮಾವ ಓಡಿ ಬಂದರು. ಘಟಪ್ರಭಾದ ದವಾಖಾನೆಯಿಂದ ನಿಮ್ಮಣ್ಣ ಸಿದ್ರಾಯ ಬಾಜೂ ಅಂಗಡಿಗೆ ಫೋನ್ ಮಾಡಿದ್ದ. ಮಾವ ಅಂಗಡಿಯಲ್ಲೇ ಚೀಟಿ ಬರೆದು ತಂದಿದ್ದರು. ಅದನ್ನು ನನ್ನ ಅಂಗೈಗೆ ಒತ್ತಿ, ಟೆಂಪೋ ಹೊರಗೆ ತೆಗೆಯಲು ಹೋದರು. "ಅಕ್ಕಗ ಭಾಳ ಆಗೇತಿ. ದೀಪಾನ ಲಗೂ ಕಳಿಸು. ೭-೧೦." ಟ್ರಿಪ್ ಬರೆಯುವ ರೂಢಿಯಂತೆ ಹೊತ್ತನ್ನೂ ಹಾಕಿದ್ದರು.

ಓದಿದೆ. ನೀನು ಮೈಕು ಹಿಡಿದು, ಶುರು ಮಾಡಲೇ ಎಂಬಂತೆ ನನ್ನ ಕಡೆ ನೋಡಿದೆ. ನಾನು ಹೂಂ ಎಂದು ತಲೆಯಾಡಿಸಿದೆ.

ಆರು ನಿಮಿಷದ ಹಾಡು, ಮುಗಿದೊಡನೆ ಹೇಳಿದರಾಯಿತು ಎಂದುಕೊಂಡೆ. ಮಂದಿ ಏಳಲಿಲ್ಲ. ಒನ್ಸ್ ಮೋರ್ ಎಂದರು. ನೀನು ಮೊದಲಿಂದ ಮತ್ತೆ ಹಾಡಿದೆ. ಅತ್ತ ಮಾವ, ದಾರಿಗೆ ಅಡ್ಡ ನಿಂತ ಗಾಡಿ ಬಿಟ್ಟು ಬರಲಾಗದೆ, ಹಾರ್ನ್ ಹೊಡೆಯುತ್ತಲೇ ಇದ್ದರಂತೆ. ಸ್ಪೀಕರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ನಿನಗೆ ಬಾಯಿಂದ ಹೇಳಿದೆ, ಚೀಟಿ ಕೊಡಲಿಲ್ಲ. ನಾವು ದವಾಖಾನೆ ಮುಟ್ಟುವ ಐದು ನಿಮಿಷ ಮೊದಲು ನಿಮ್ಮವ್ವ ಸಾವಿತ್ರವ್ವ ಹೋಗಿದ್ದರು.

ಚೀಟಿ ಯಾವಾಗ ಬಂತು ಎಂದು ಸಿದ್ರಾಯ ಅಲ್ಲೇ ಕೇಳಿದ. ಹಾಡು ಮುಗಿದ ಮೇಲೆ ಎಂದೆ. ಮಾವ ನನ್ನ ಮುಖ ನೋಡಿದರು. ಆಗಷ್ಟೇ ಅಕ್ಕನನ್ನು ಕಳೆದುಕೊಂಡ ಮನುಷ್ಯ, ನಿಮ್ಮಣ್ಣನ ಬೈಗುಳವನ್ನೆಲ್ಲ ಕೇಳಿಸಿಕೊಂಡು ಹೊರಗೆ ಹೋದರು.

ಮೊನ್ನೆ ರವಿವಾರ ಅವರಲ್ಲಿಗೆ ಹೋಗಿ, ಅಂದು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನಿನ್ನ ಹೆಸರ ಹೇಳಿದ್ರ ನಿಮ್ಮಪ್ಪ ನಿನ್ನ ಮತ್ತ ಹೊಸ್ತಿಲಾ ದಾಟಾಕ ಬಿಡ್ತಿದ್ನೇನವಾ? ನನಗೇನ, ಮನಿಮಂದಿ ಬೈಗಳಾ. ನಾಕ ದಿನಾ ಬೈದು ಬಿಡ್ತಾರ ಅನ್ಕೊಂಡಿದ್ದೆ," ಎಂದರು. ಟೆಂಪೋದ ಗಾಜು ಒರೆಸುತ್ತ, "ಬಿಡಲಿಲ್ಲ ನೋಡು," ಎಂದರು.

ಚೀಟಿ ಇದರೊಳಗೆ ಇದೆ. ಸಿದ್ರಾಯನಿಗೂ ತೋರಿಸು. ಯುಗಾದಿಗೆ ಟೆಂಪೋ ಮಾವನೇ ತರಲಿ, ನೀನು ಹಾಡು. ನಾನು ಬರುವುದಿಲ್ಲ. ನನ್ನ ಹಾಡು ಬೇಡವೆನಿಸಿದರೆ ಅದೂ ಬೇಡ.

ಕ್ಷಮಿಸು ಎಂದು ಬರೆಯುವ ಧೈರ್ಯವಿಲ್ಲದ
ಮೇಘಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮಂದಿ ಒನ್ಸ್ ಮೋರ್ ಎಂದರೆಂದು ಮೇಲೆ ಬರೆದಿದ್ದೇನೆ. ಅಂದರು, ಖರೆ. ಆದರೆ ಮೊದಲು ಪರದೆಯ ಹಿಂದಿನಿಂದ ಕೂಗಿದವಳು ನಾನು. ಅಷ್ಟು ಗಟ್ಟಿಯಾಗಿ ಹುಟ್ಟಿದಾಗಿನಿಂದ ಕೂಗಿರಲಿಲ್ಲ.